ತೊಟ್ಟಿಲ ಕೋಣೆಯ ಗೋಡೆಯವರ ಸನ್ನಿಧಾನಕ್ಕೆ

ದಾಸನಕೊಪ್ಪದ ನಮ್ಮ ಮನೆಯಲ್ಲಿ ತೊಟ್ಟಿಲ ಕೋಣೆಗೂ ಅಡುಗೆಮನೆಗೂ ನಡುವೆ ಹಗಲಿರುಳು ನಿಂತೇ ಸೇವೆ ಸಲ್ಲಿಸುತ್ತಿರುವ ಗೋಡೆಯವರಿಗೆ,

ಮಾನ್ಯರೇ,

ಐದು ತಿಂಗಳಿಂದ ನೆಟ್ಟಗೆ ಕಣ್ಣು ಮುಚ್ಚದ ತಾಯಿಯೊಬ್ಬಳ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಎರಡು ಸಾಲು ಚಿರೇಕಲ್ಲು, ನಡುವೆ ತಗಡು, ಮೇಲೆ ಸಿಮೆಂಟು ಹೊದ್ದವರಿಗೆ ಏನಾದೀತು?

ತಮ್ಮನ್ನು ಹೀಗೆ ಕಟ್ಟಿಸಿದವಳು ನಾನೇ. ಕುಕ್ಕರಿನ ಸೀಟಿಗೆ ಮಗು ಎಚ್ಚರಾದೀತೆಂದು ಬಸುರಿಯಿದ್ದಾಗಲೇ ಹಟ ಹಿಡಿದು, ಬಿ.ಎಸ್ಸಿ. ಓದಿದ್ದೇನೆಂಬ ಧೈರ್ಯದಲ್ಲಿ ನಕ್ಷೆಯನ್ನೂ ಬರೆದುಕೊಟ್ಟೆ. ಮೇಸ್ತ್ರಿ ಅಂದಾನಪ್ಪ ಕೊನೆಯ ಕಲ್ಲಿಟ್ಟು, “ಸೊಳ್ಳಿ ಗುಂಯ್ ಅಂದದ್ದೂ ಈ ಕಡಿ ಬರಂಗಿಲ್ಲ ಬಿಡ್ರಿ ಅಕ್ಕಾರ” ಎಂದಾಗ ಖುಷಿಯಿಂದ ಎರಡನೇ ಸಲ ಚಹಾ ಕೊಟ್ಟೆ. ವೈಫೈಯೂ ಹಾಯುವುದಿಲ್ಲವೆಂದು ಅವರು ಹೇಳಲಿಲ್ಲ; ಭೌತಶಾಸ್ತ್ರ ಓದಿದ ನನಗೂ ಹೊಳೆಯಲಿಲ್ಲ.

ಈಗ ತೊಟ್ಟಿಲ ಮೇಲೆ ಹಳೆಯ ಮೊಬೈಲೊಂದನ್ನು ಕ್ಯಾಮೆರಾ ಮಾಡಿ ಕಟ್ಟಿದ್ದೇನೆ. ಅದು ಕಳಿಸುವ ಚಿತ್ರವನ್ನು ರೊಟ್ಟಿ ಬಡಿಯುತ್ತ ಇತ್ತ ನನ್ನ ಮೊಬೈಲಿನಲ್ಲಿ ನೋಡುತ್ತೇನೆ. ಅಡುಗೆಮನೆಯ ಕಡೆಯಿರುವ ವೈಫೈಯನ್ನು ತಾವು ತಡೆದೊಡನೆ ಚಿತ್ರ ನಿಲ್ಲುತ್ತದೆ, ಮಗನ ಎದೆ ಏರಿಳಿಯುವುದಿಲ್ಲ, ನಾನು ಹಿಟ್ಟಿನ ಕೈಯಲ್ಲೇ ಓಡುತ್ತೇನೆ. ದಿನಕ್ಕೆ ಇಪ್ಪತ್ತು ಸಲ. ನನ್ನ ಬಾಣಂತಿ ಮೈಯನ್ನು ಇಳಿಸಿದ ಪುಣ್ಯ ತಮ್ಮದು.

ಮೊನ್ನೆ ಮಂಗಳವಾರ ಮಾತ್ರ, ಇನ್ನು ಓಡಬಾರದೆಂದು ಗಟ್ಟಿ ಮನಸ್ಸು ಮಾಡಿದೆ. ಹನ್ನೊಂದು ನಿಮಿಷ ಮಿಸುಕದೆ ಎಷ್ಟು ಚೆಂದ ಮಲಗಿದ್ದಾನೆಂದು ನಾನು ನನ್ನ ಯಜಮಾನರಾದ ಶರಣರಿಗೆ ತೋರಿಸುತ್ತಿದ್ದಾಗ, ಅದೇ ಮಗನನ್ನು ಹೆಗಲಿಗೆ ಹಾಕಿಕೊಂಡು ಅತ್ತೆ ಗಿರಿಜವ್ವ ನಮ್ಮೆದುರಿಗೇ ಬಂದು ನಿಂತರು. ಮೊಬೈಲಿನೊಳಗೆ ಇಣುಕಿ, “ಅದರಾಗ ಮಲಗ್ಯಾನಲ್ಲ, ಅಂವ ಯಾರ ಮಗಾನವ್ವಾ?” ಎಂದಷ್ಟೇ ಕೇಳಿದರು. ಮಗ ಎಷ್ಟೋ ಹೊತ್ತಿನಿಂದ ಅಳುತ್ತಿದ್ದನಂತೆ. ಹಿತ್ತಿಲಲ್ಲಿದ್ದ ಅವರಿಗೆ ಕಿಟಕಿಯಿಂದ ಕೇಳಿತು. ಹೆತ್ತವಳು ನಾನು, ಚಿತ್ರ ನೋಡುತ್ತಿದ್ದೆ.

ಆದ್ದರಿಂದ ತಾವು ದಯವಿಟ್ಟು ಸೀಟಿಯನ್ನು ತಡೆದು ವೈಫೈಯನ್ನಷ್ಟೇ ಒಳಬಿಡುವ ಅಭ್ಯಾಸ ಮಾಡಿಕೊಳ್ಳಬೇಕು. ಆಗದಿದ್ದರೆ ಭಾನುವಾರವಾದರೂ ರಜೆ ಹಾಕಿ ಅಂಗಳದಲ್ಲಿ ಅಡ್ಡಾಗಬೇಕು. ಅದೂ ಕಷ್ಟವೆಂದಾದರೆ, ಒಂದೇ ಒಂದು ತಾಸು ನನ್ನ ತಲೆಯ ಸುತ್ತ ಬಂದು ನಿಲ್ಲಿ; ಯಾವ ಯೋಚನೆಯೂ ಒಳಗೆ ಬಾರದಿರಲಿ.

ತಮಗೇ ಒರಗಿ ತೂಕಡಿಸುತ್ತಿರುವ,
ತಮ್ಮ ವಿಶ್ವಾಸಿ
ಮಹೇಶ್ವರಿ

ಮರೆತ ಮಾತು: ಅತ್ತೆ ನಿನ್ನೆಯಿಂದ ತಮ್ಮ ಪಕ್ಕದ ಬಾಗಿಲಿಗೆ ರುಬ್ಬುಗುಂಡು ಒತ್ತಿಟ್ಟು ತೆರೆದೇ ಬಿಟ್ಟಿದ್ದಾರೆ. ಚಿತ್ರ ನಿಲ್ಲದೆ ಬರುತ್ತಿದೆ, ಅಳುವೂ ಕೇಳುತ್ತದೆ. ಕುಕ್ಕರ್ ಐದು ಸೀಟಿ ಹೊಡೆದರೂ ಮಗ ಮಗ್ಗುಲು ಬದಲಿಸುವುದಿಲ್ಲ, ಬೆಚ್ಚಿಬೀಳುವವಳು ನಾನೊಬ್ಬಳೇ. ತಾವಿನ್ನು ಕ್ಯಾಲೆಂಡರು ಹಿಡಿದು ನಿಂತಿದ್ದರೆ ಸಾಕು.