ಅಚ್ಚರಿ ನಿರ್ವಹಣಾ ವಿಭಾಗಕ್ಕೆ, ನಲವತ್ತನೇ ಮೆಟ್ಟಿಲಿನ ಕುರಿತು

ಮಾನ್ಯ ಮುಖ್ಯಸ್ಥರು,
ಅಚ್ಚರಿ ನಿರ್ವಹಣಾ ವಿಭಾಗ,
ದೂರದೂರಿನ ಮದುವೆಗಳನ್ನು ನಡೆಸಿಕೊಡುವ ಘನ ಸಂಸ್ಥೆ, ಇವರ ಸನ್ನಿಧಿಗೆ

ಮಾನ್ಯರೇ,

ತಮ್ಮ ಕ್ಷೇಮ, ತಮ್ಮ ಸಿಬ್ಬಂದಿಯ ಕ್ಷೇಮ, ಅವರ ಕಿವಿಗಳಲ್ಲಿ ಸದಾ ಗುಂಯ್‌ಗುಡುವ ಆ ಪುಟ್ಟ ಯಂತ್ರಗಳ ಕ್ಷೇಮ, ಇವೆಲ್ಲವನ್ನೂ ಮೊದಲು ವಿಚಾರಿಸಿ, ನಮ್ಮ ಕಡೆ ಎಲ್ಲರೂ ಬಹುಮಟ್ಟಿಗೆ ಸೌಖ್ಯವೆಂದು ತಿಳಿಸಿ, ಈ ಬಹಿರಂಗ ಪತ್ರವನ್ನು ಬರೆಯಲು ಅಪ್ಪಣೆ ಬೇಡುತ್ತೇನೆ. ನಾನು ಕನ್ನಡಕದ ಅಂಗಡಿಯವನು. ಮೂವತ್ತು ವರ್ಷಗಳಿಂದ ಜನರ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ ಬದುಕಿದವನು. ಕಳೆದ ತಿಂಗಳು ದ್ವೀಪದ ಮೇಲಿನ ಹಳೆಯ ಕೋಟೆಯಲ್ಲಿ ತಾವು ನಡೆಸಿಕೊಟ್ಟ ಮದುವೆಯ ಮದುಮಗಳ ತಂದೆ. ಮುಖ ನೆನಪಾಗದಿದ್ದರೆ ಬೇಸರವಿಲ್ಲ, ತಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ "ತಂದೆ, ಎಡಗಡೆಯಿಂದ ಪ್ರವೇಶ" ಎಂದು ಬರೆದಿತ್ತಲ್ಲ, ಅದು ನಾನೇ.

ಊರಲ್ಲಿ ಜಾಗವಿರಲಿಲ್ಲವೇ ಎಂದು ಈ ಪತ್ರ ಓದುವ ಸಾರ್ವಜನಿಕರು ಕೇಳಬಹುದು. ಧಾರಾಳವಾಗಿ ಇತ್ತು. ಹುಡುಗ ಹುಡುಗಿ ಇಬ್ಬರೂ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ, ಮನೆಯ ಹಿತ್ತಲಲ್ಲಿ ನಲವತ್ತು ಜನಕ್ಕೆ ಊಟ ಹಾಕಿಸಿದರೆ ಸಾಕೆಂದಿದ್ದರು. ತಮ್ಮ ನುಣುಪು ಹಾಳೆಯ ಪುಸ್ತಿಕೆ ನನ್ನ ಅಂಗಡಿಯ ಗಾಜಿನ ಮೇಜಿನ ಮೇಲೆ ಬಂದು ಬಿದ್ದಂದಿನಿಂದ ಬುದ್ಧಿ ಕೆಟ್ಟದ್ದು ನನ್ನದು. ಸಮುದ್ರದ ನಡುವೆ ಕೋಟೆ, ಕೋಟೆಯ ನೆತ್ತಿಯ ಮೇಲೆ ಬಯಲು, ಬಯಲಿನಲ್ಲಿ ಬಿಳಿ ಕುರ್ಚಿಗಳು, ಆ ಕುರ್ಚಿಗಳಲ್ಲಿ ಕೂತವರೆಲ್ಲ ತೆಳ್ಳಗೆ ಬೆಳ್ಳಗೆ. ಒಬ್ಬಳೇ ಮಗಳು, ಜನ ನಾಲ್ಕು ದಿನ ಮಾತಾಡಿಕೊಳ್ಳಲಿ ಎಂಬ ಆಸೆಗೆ ಬಿದ್ದೆ. ಮಗಳು ಕೊನೆಗೆ ಒಂದೇ ಷರತ್ತಿನ ಮೇಲೆ ಒಪ್ಪಿದಳು: "ಅಜ್ಜಿ ಮುಂದಿನ ಸಾಲಲ್ಲಿ, ನನ್ನ ಎದುರಿಗೇ ಕೂತಿರಬೇಕು. ಅಷ್ಟು ಮಾಡಪ್ಪ, ಉಳಿದದ್ದು ನಿನ್ನಿಷ್ಟ."

ಅಜ್ಜಿ ಎಂದರೆ ನನ್ನ ಅಮ್ಮ. ನಾನೂ ನನ್ನ ಹೆಂಡತಿಯೂ ಅಂಗಡಿಯಲ್ಲಿ ಮುಳುಗಿದ್ದ ವರ್ಷಗಳಲ್ಲಿ ಮಗಳಿಗೆ ತಲೆ ಬಾಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದಾಗ ಪಕ್ಕ ಕೂತದ್ದು ಎಲ್ಲ ಅವಳೇ. ಕಣ್ಣಿನ ಪೊರೆಯನ್ನು "ಇರ್ಲಿ ಬಿಡು, ಇನ್ನೇನು ನೋಡೋದಿದೆ" ಎಂದು ವರ್ಷಗಟ್ಟಲೆ ಮುಂದೂಡಿದ್ದವಳು, ಮದುವೆ ಗೊತ್ತಾದ ಕೂಡಲೇ ಒಂದಾದ ಮೇಲೊಂದು ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು, ಮೊಮ್ಮಗಳನ್ನು ಕಣ್ಣಾರೆ ನೋಡಬೇಕೆಂದು. ಓದುವುದಕ್ಕೊಂದು, ದೂರಕ್ಕೊಂದು, ಎರಡು ಕನ್ನಡಕಗಳನ್ನು ನಾನೇ ಮಾಡಿಕೊಟ್ಟೆ. ದೂರದ್ದನ್ನು ಹಾಕಿಕೊಂಡ ದಿನ ಎದುರುಮನೆಯ ಬಾಗಿಲ ಸಂಖ್ಯೆಯನ್ನು ಬೀದಿಗೆಲ್ಲ ಕೇಳುವಂತೆ ಓದಿದಳು.

ಇನ್ನು ತಮ್ಮ ವಿಭಾಗದ ಗುಣಗಾನ. ಮದುವೆಗೆ ಎರಡು ತಿಂಗಳ ಮೊದಲೇ ತಾವು ಕಳಿಸಿದ ಕೈಪಿಡಿಯಲ್ಲಿ, ದೂರದೂರಿನ ಮದುವೆಗಳಲ್ಲಿ ಸಾಮಾನ್ಯವಾಗಿ ಎದುರಾಗುವ ಅರವತ್ತನಾಲ್ಕು ಅಚ್ಚರಿಗಳಿಗೆ ಸಂಖ್ಯೆ ಕೊಟ್ಟು, ಪ್ರತಿಯೊಂದಕ್ಕೂ ಮದ್ದು ಬರೆದಿತ್ತು. ಸಂಖ್ಯೆ ಕೊಟ್ಟ ಮೇಲೆ ಅದು ಅಚ್ಚರಿಯಾಗಿ ಉಳಿಯುವುದು ಹೇಗೆ ಎಂದು ನನ್ನ ಅಕ್ಕ ಕೇಳಿದಳು. ಅವಳಿಗೆ ಆಡಳಿತದ ಸೂಕ್ಷ್ಮ ತಿಳಿಯದು, ಮನ್ನಿಸಬೇಕು. ಕೇಕು ಬಂದಾಗ ನಮ್ಮ ಕಡೆಯವರು ಬೆರಗಾಗಬೇಕೆಂದು ತಾವು ವಿಡಿಯೋ ಕರೆಯಲ್ಲಿ ಮೂರು ಸಲ ಅಭ್ಯಾಸ ಮಾಡಿಸಿದಿರಿ. ಅಕ್ಕ ಮನೆಯಲ್ಲೂ ಕನ್ನಡಿಯ ಮುಂದೆ ನಿಂತು ಎಷ್ಟು ಶ್ರದ್ಧೆಯಿಂದ ಬೆರಗಾದಳೆಂದರೆ, ನಿಜವಾದ ಕೇಕು ಬಂದಾಗ ಆಕಳಿಸಿಬಿಟ್ಟಳು.

ಗಾಳಿಗೆ ಚಪ್ಪರ ಹಾರಿದ್ದು ಹನ್ನೆರಡನೆಯ ಅಚ್ಚರಿ. ತಮ್ಮವರು ಕಣ್ಣುಮುಚ್ಚಿ ತೆರೆಯುವುದರೊಳಗೆ ಮರಳುಚೀಲ ಕಟ್ಟಿ ನಿಲ್ಲಿಸಿದರು. ಅಳಿಯನ ಕೋಟಿನ ಪೆಟ್ಟಿಗೆ ಬೇರೆ ದೋಣಿ ಹತ್ತಿ ಬೇರೆ ಯಾರದೋ ಮದುವೆಗೆ ಹೋದದ್ದು ಇಪ್ಪತ್ತೊಂದನೆಯದು. ಸಿಕ್ಕಿದ ಕೋಟೊಂದನ್ನು ಬೆನ್ನ ಹಿಂದೆ ಪಿನ್ನು ಚುಚ್ಚಿ ತೊಡಿಸಿದರು, ಹುಡುಗ ಆ ಸಂಜೆಯಿಡೀ ಯಾರಿಗೂ ಬೆನ್ನು ತೋರಿಸದೆ ಬಹಳ ಸಭ್ಯನೆಂದು ಹೆಸರು ಪಡೆದ. ದ್ವೀಪದ ಮೇಕೆಯೊಂದು ಹೂವಿನ ಕಮಾನನ್ನು ಅರ್ಧ ಮೇಯ್ದು ಮುಗಿಸಿದಾಗ ಒಂಬತ್ತೇ ನಿಮಿಷದಲ್ಲಿ ಕಾಗದದ ಹೂ ಕಟ್ಟಿದರು. ಮೇಕೆ ಮತ್ತೆ ಬಂದು, ಕಾಗದವನ್ನು ಮೂಸಿ, ಮುಖ ತಿರುಗಿಸಿಕೊಂಡು ಹೋಯಿತು. ಇಡೀ ಸಮಾರಂಭದಲ್ಲಿ ತಮ್ಮ ಕೆಲಸದ ಬಗ್ಗೆ ನಿರ್ಭಯವಾಗಿ ಅಭಿಪ್ರಾಯ ಹೇಳಿದ್ದು ಆ ಮೇಕೆಯೊಂದೇ.

ಕೈಪಿಡಿಯ ಜೊತೆಗೆ ಒಂದು ನಮೂನೆಯೂ ಇತ್ತು. ಅದರ ಹದಿನಾರನೇ ಪ್ರಶ್ನೆ: ಎಪ್ಪತ್ತು ದಾಟಿದ ಅತಿಥಿಗಳೆಷ್ಟು? ದಾಟಿದವರನ್ನು ದೋಣಿಕಟ್ಟೆಯಿಂದ ಕೋಟೆಯ ನೆತ್ತಿಗೆ, ಅಂದರೆ ನೂರ ಅರವತ್ತು ಮೆಟ್ಟಿಲು, ಕುರ್ಚಿಯಲ್ಲಿ ಕೂರಿಸಿ ಇಬ್ಬರು ಆಳುಗಳು ಹೊತ್ತು ಹತ್ತಿಸುವರೆಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು. ಇಲ್ಲಿ ನಮ್ಮ ಮನೆತನದ ಒಂದು ಕಾಯಿಲೆಯನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕು. ನಮ್ಮಲ್ಲಿ ಯಾರೂ ನಿಜವಾದ ವಯಸ್ಸು ಹೇಳುವುದಿಲ್ಲ. ಅಮ್ಮ ಅರವತ್ತೊಂಬತ್ತಕ್ಕೆ ಬಂದು ನಿಂತು ಹನ್ನೊಂದು ವರ್ಷವಾಯಿತು. ನನ್ನ ಅಕ್ಕ ಕಳೆದ ವರ್ಷದಿಂದ ನನಗಿಂತ ಎರಡು ವರ್ಷ ಚಿಕ್ಕವಳು. ಓದುವ ಕನ್ನಡಕಕ್ಕೆ ಬಂದು "ನನಗಿನ್ನೂ ನಲವತ್ತಾಗಿಲ್ಲ" ಎನ್ನುವ ಗಿರಾಕಿಯ ವಯಸ್ಸನ್ನು ಗಾಜಿನ ನಂಬರಿನಿಂದಲೇ ಹೇಳಬಲ್ಲ ನಾನು, ಮನೆಯೊಳಗೆ ಮಾತ್ರ ಬಾಯಿ ಬಿಡುವುದಿಲ್ಲ. ನಮೂನೆ ತುಂಬುವಾಗ ಅಮ್ಮ, ಓದುವ ಕನ್ನಡಕ ಹಾಕಿಕೊಂಡು, ನನ್ನ ಹೆಗಲ ಹಿಂದೆಯೇ ನಿಂತಿದ್ದಳು. "ಸೊನ್ನೆ" ಎಂದು ಬರೆದೆ. "ಅಕ್ಷರ ಮುದ್ದಾಗಿದೆ" ಎಂದು ಹೇಳಿ ಒಳಗೆ ಹೋದಳು.

ಮದುವೆಯ ದಿನ ಮಗಳೂ ಉಳಿದವರೂ ಮೊದಲ ದೋಣಿಯಲ್ಲೇ ಹೋಗಿ ಮೇಲೆ ಸೇರಿದ್ದರು; ನಾನೂ ಅಮ್ಮನೂ ಕೊನೆಯ ದೋಣಿಯಿಂದ ಇಳಿದಾಗ ಕಟ್ಟೆಯ ಮೇಲೆ ಆ ಕುರ್ಚಿ ಇದ್ದೇ ಇತ್ತು, ಇಬ್ಬರು ಆಳುಗಳೂ ಇದ್ದರು. ಕುರ್ಚಿಯಲ್ಲಿ ಐದು ಅಂತಸ್ತಿನ ಕೇಕು ಕೂತಿತ್ತು. ಅದರ ಸೊಂಟಕ್ಕೆ ಪಟ್ಟಿ ಬಿಗಿದು, ತಲೆಯ ಮೇಲೆ ಕೊಡೆ ಹಿಡಿದಿದ್ದರು. ಅಮ್ಮ ಮೆಟ್ಟಿಲ ಸಾಲನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿದಳು. ತಮ್ಮ ಮೇಲ್ವಿಚಾರಕಿ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ನಿಜ ಹೇಳಿ, ಅಮ್ಮನಿಗೆ ಎಷ್ಟು ವಯಸ್ಸು? ಬೇಕಂದ್ರೆ ಕೇಕ್ ಇಳಿಸ್ತೀವಿ" ಎಂದು ಮೆಲ್ಲಗೆ ಕೇಳಿದರು. ಅಮ್ಮ ನಮ್ಮನ್ನೇ ನೋಡುತ್ತಿದ್ದಳು; ಅವಳಿಗೆ ತೊಂದರೆ ಇದ್ದದ್ದು ಕಣ್ಣಿನದು, ಕಿವಿ ಮೊದಲಿನಿಂದಲೂ ಚುರುಕು. "ಅರವತ್ತೊಂಬತ್ತು" ಎಂದೆ. "ನನಗೇನಾಗಿದೆ? ಕೇಕು ಹೋಗ್ಲಿ, ಕರಗಿ ಗಿರಗಿ ಹೋದೀತು" ಎಂದು ಅಮ್ಮನೂ ದನಿಗೂಡಿಸಿದಳು. ಕೇಕು ಹೋಯಿತು.

ನಲವತ್ತನೇ ಮೆಟ್ಟಿಲ ಬಳಿ ಒಂದು ಕಲ್ಲುಬೆಂಚಿದೆ. ಅಲ್ಲಿ ಅಮ್ಮ ಮಂಡಿ ಹಿಡಿದು ಕೂತಳು. "ನೀನು ನಡಿ ಪುಟ್ಟ, ಉಸಿರು ತಗೊಂಡು ಬರ್ತೀನಿ." ಐವತ್ತೇಳು ವರ್ಷದ ಪುಟ್ಟ ಗಡಿಯಾರ ನೋಡಿಕೊಂಡ. ಐದೂ ನಲವತ್ತಕ್ಕೆ ಹೊಂಬೆಳಕು ಬೀಳುತ್ತದೆ, ಆರು ನಿಮಿಷ ಇರುತ್ತದೆ, ಅಷ್ಟರೊಳಗೆ ಮದುಮಗಳು ನಡೆದು ಬರಬೇಕು ಎಂದು ತಮ್ಮ ಛಾಯಾಗ್ರಾಹಕರು ಗಳಿಗೆ ಗೊತ್ತುಮಾಡಿದ್ದರು. "ಹತ್ತೇ ನಿಮಿಷ ಅಮ್ಮ, ಕುರ್ಚಿ ಕಳಿಸ್ತೀನಿ" ಎಂದು ಹತ್ತಿಬಿಟ್ಟೆ. ಮೇಲೆ ಕೇಕನ್ನು ಕುರ್ಚಿಯಿಂದ ಇಳಿಸುವ ಕೆಲಸವೇ ಇನ್ನೂ ಮುಗಿದಿರಲಿಲ್ಲ, ಯಾರೋ ನನ್ನ ಕೊರಳಪಟ್ಟಿ ಸರಿಮಾಡಿ ಎಡಗಡೆಗೆ ತಂದು ನಿಲ್ಲಿಸಿದರು, ಸಂಗೀತ ಶುರುವಾಯಿತು, ಮಗಳ ಕೈ ನನ್ನ ತೋಳಿಗೆ ಬಂತು. ನಾನು ಯಾರಿಗೂ ಏನೂ ಹೇಳಲಿಲ್ಲ.

ತಮ್ಮ ವಿಭಾಗದ ಪ್ರತಿಭೆ ಬೆಳಗಿದ್ದು ಆಗಲೇ. ಕೈಪಿಡಿಯ ಮೂವತ್ತೇಳನೇ ಅಚ್ಚರಿ, ಮುಂದಿನ ಸಾಲಿನ ಕುರ್ಚಿ ಖಾಲಿ ಉಳಿಯುವುದು. ಮದ್ದು, ಹೊಂದುವ ವಯಸ್ಸಿನ ಸಿಬ್ಬಂದಿಯನ್ನು ಕೂರಿಸುವುದು. ಅಮ್ಮನ ಹೆಸರಿನ ಚೀಟಿ ಅಂಟಿಸಿದ್ದ ಕುರ್ಚಿಯಲ್ಲಿ ನೀಲಿ ಶಾಲು ಹೊದ್ದ ನರೆಗೂದಲಿನ ಹೆಂಗಸೊಬ್ಬರು ನೆಟ್ಟಗೆ ಕೂತಿದ್ದರು. ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ನನ್ನ ಮಗಳಿಗೆ ಎರಡೂ ಕಣ್ಣಿಗೆ ಮೈನಸ್ ನಾಲ್ಕು, ಕಣ್ಣೊಳಗೆ ಹಾಕುವ ಲೆನ್ಸು ಅವಳಿಗೆ ಒಗ್ಗದು. ಗಾಜು ಹೊಳೆದು ಚಿತ್ರ ಕೆಡುತ್ತದೆಂದು ತಮ್ಮ ಛಾಯಾಗ್ರಾಹಕರು ಕನ್ನಡಕ ತೆಗೆಸಿದ್ದರಾದ್ದರಿಂದ ಕನ್ನಡಕದಂಗಡಿಯವನ ಮಗಳು ಬರಿಗಣ್ಣಿನಲ್ಲಿ ಮದುವೆಯಾದಳು. ಎದುರಿನ ಮಸುಕು ಆಕೃತಿಯನ್ನು ಅಜ್ಜಿಯೆಂದೇ ತಿಳಿದು, ಬೆರಳ ತುದಿಗೆ ಮುತ್ತಿಟ್ಟು ಅತ್ತ ತೂರಿದಳು. ಆ ಹೆಂಗಸೂ ಕೈಯೆತ್ತಿ ಹರಸಿದರು. ಅದೇ ಚಿತ್ರವನ್ನು ತಾವು ಹೊಸ ಪುಸ್ತಿಕೆಯ ಮುಖಪುಟಕ್ಕೆ ಹಾಕಿ, ಅಜ್ಜಿ ಮೊಮ್ಮಗಳ ಮರೆಯಲಾಗದ ಕ್ಷಣ ಎಂದು ಅಚ್ಚು ಹಾಕಿಸಿದ್ದೀರಿ. ಚಿತ್ರದ ಎಡಗಡೆ ಕನ್ನಡಕ ಹಾಕಿಕೊಂಡು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದರೂ ಹಲ್ಲು ಬಿಟ್ಟುಕೊಂಡು ನಿಂತಿರುವವನು ನಾನು.

ಸಹಿಗಳೆಲ್ಲ ಆದ ಮೇಲೆ ಮಗಳು ಕನ್ನಡಕ ಹಾಕಿಕೊಂಡಳು. "ಅಪ್ಪಾ, ಇವರ್ಯಾರು? ಅಜ್ಜಿ ಎಲ್ಲಿ?" ಎಂದಳು. ಉತ್ತರಕ್ಕೆ ಕಾಯದೆ, ಉದ್ದ ಉಡುಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೂರಿಪ್ಪತ್ತು ಮೆಟ್ಟಿಲು ಓಡಿ ಇಳಿದಳು. ಹಿಂದೆ ನಾನು. ಅಮ್ಮ ಬೆಂಚಿನ ಮೇಲೆ, ದೂರದ ಕನ್ನಡಕ ಹಾಕಿಕೊಂಡು, ಕೋಟೆಗೋಡೆಯ ಅಂಚನ್ನೇ ನೋಡುತ್ತ ಕೂತಿದ್ದಳು. ಅಲ್ಲಿಂದ ಚಪ್ಪರದ ತುದಿಯಷ್ಟೇ ಕಾಣುತ್ತದೆ. ಮೊಮ್ಮಗಳನ್ನು ನೋಡಿ, "ಆಯ್ತಾ?" ಎಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ನಗಬಹುದು. ನ್ಯಾಯವೇ. ತಮ್ಮ ನಮೂನೆ ಒಮ್ಮೆ ಕೇಳಿತು, ತಮ್ಮ ಮೇಲ್ವಿಚಾರಕಿ ಇನ್ನೊಮ್ಮೆ ಕೇಳಿದರು, ಎರಡು ಸಲವೂ ಸುಳ್ಳು ಹೇಳಿದ್ದು ನಾನು. ಆದರೂ ಕೇಕಿನ ವಯಸ್ಸು ಕೇಳದೆಯೇ ಅದಕ್ಕೆ ಕುರ್ಚಿ ಕೊಟ್ಟವರು, ಮನುಷ್ಯರಿಗೆ ಕುರ್ಚಿ ಕೊಡುವ ಮುಂಚೆ ಯಾಕೆ ಕೇಳುತ್ತೀರಿ ಎಂಬುದು ನನ್ನ ಮಂದಬುದ್ಧಿಗೆ ಹೊಳೆಯುತ್ತಿಲ್ಲ. ಆದಕಾರಣ ಕೆಲವು ವಿನಂತಿಗಳು. ಹೊಂಬೆಳಕು ಇನ್ನು ಮುಂದೆ ಅಜ್ಜಿಯಂದಿರು ಮೆಟ್ಟಿಲು ಹತ್ತಿ ಮುಗಿಸಿದ ಮೇಲೆ ಬೀಳುವಂತೆ ಸೂರ್ಯನೊಡನೆ ಕರಾರು ಮಾಡಿಕೊಳ್ಳಬೇಕು. ಕೋಟೆಯನ್ನು ನೂರಿಪ್ಪತ್ತು ಮೆಟ್ಟಿಲಿನಷ್ಟು ಕೆಳಗಿಳಿಸಿ, ಆ ಕಲ್ಲುಬೆಂಚಿನ ಮುಂದೆ ತಂದು ಕೂರಿಸಬೇಕು. ಚಪ್ಪರ ಹಿಡಿದು ನಿಲ್ಲಿಸಿದವರಿಗೆ ಇದೇನೂ ಭಾರವಾಗಲಾರದು. ಕೈಪಿಡಿಗೆ ಅರವತ್ತೈದನೆಯದಾಗಿ "ಅಮ್ಮನನ್ನು ಅರ್ಧ ದಾರಿಯಲ್ಲಿ ಬಿಟ್ಟು ಮುಂದೆ ಹೋಗುವ ಮಗ" ಎಂದು ಸೇರಿಸಿ, ಅದಕ್ಕೊಂದು ಮದ್ದು ಕಂಡುಹಿಡಿದು, ಮೊದಲ ಪ್ರತಿಯನ್ನು ನನಗೇ ಕಳಿಸಬೇಕು.

ಇದನ್ನು ಗುಟ್ಟಾಗಿ ಬರೆಯದೆ ಪತ್ರಿಕೆಗೆ ಕೊಟ್ಟದ್ದಕ್ಕೆ ಕಾರಣವಿದೆ. ಅಮ್ಮ ಈಗ ದಿನಾ ಬೆಳಿಗ್ಗೆ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾಳೆ. ನನ್ನ ಅಮ್ಮನಿಗೆ ಎಂಬತ್ತು ವರ್ಷ. ಅಚ್ಚಾಯಿತು. ಇನ್ನು ಅವಳು ನನ್ನನ್ನು ಮನಸಾರೆ ಬೈಯಲಿ.

ತಮ್ಮ ವಿಶ್ವಾಸಿ,
ಮದುಮಗಳ ತಂದೆ

ಮರೆತ ಮಾತು: ತಾವು ಕಳಿಸಿದ ಚಿತ್ರಗಳ ಆಲ್ಬಂ ತಲುಪಿದೆ. ಅಂಗಡಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅಮ್ಮ ಕೇಳಿದಾಗಲೆಲ್ಲ ಇನ್ನೂ ಬಂದಿಲ್ಲವೆಂದು ತಮ್ಮ ತಲೆಗೇ ಕಟ್ಟುತ್ತಿದ್ದೆ; ಆ ಸುಳ್ಳೂ ಈಗ ಅಚ್ಚಾಯಿತು. "ಮದುವೆ ಹೇಗಾಯ್ತು, ಸರಿಯಾಗಿ ಹೇಳ್ರೋ" ಎಂದು ಅವಳು ಕೇಳುತ್ತಲೇ ಇದ್ದಾಳೆ, ಹೇಳಲು ನಮ್ಮಲ್ಲಿ ಒಬ್ಬರಿಗೂ ಬರುತ್ತಿಲ್ಲ. ಅಕ್ಕ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದಳು, ಹೆಂಡತಿ ಮೇಕೆಯನ್ನು ಕಾಯುತ್ತಿದ್ದಳು, ಮಗಳಿಗೆ ಕಾಣಲಿಲ್ಲ, ನಾನು ಆ ಕುರ್ಚಿಯಿಂದ ಕಣ್ಣು ಕೀಳಲಿಲ್ಲ. ಮೊದಲಿನಿಂದ ಕೊನೆಯವರೆಗೆ ಮದುವೆಯನ್ನು ಕಣ್ತುಂಬ ನೋಡಿದ್ದು ತಮ್ಮ ನೀಲಿ ಶಾಲಿನ ಸಿಬ್ಬಂದಿ ಒಬ್ಬರೇ. ದಯಮಾಡಿ ಅವರನ್ನು ಒಂದು ಮಧ್ಯಾಹ್ನ ನಮ್ಮ ಮನೆಗೆ ಕಳಿಸಿಕೊಡಿ. ಅಮ್ಮನ ಪಕ್ಕ ಕೂತು, ನೋಡಿದ್ದನ್ನೆಲ್ಲ ಅವಳಿಗೆ ಹೇಳಲಿ.