ಎರಡರಷ್ಟು ಹಂಡೆ

ಗಣಿತಕ್ಕೂ ನನಗೂ ಯಾವತ್ತೂ ಜಗಳ ಬಿದ್ದಿರಲಿಲ್ಲ. ಹತ್ತನೇ ಕ್ಲಾಸಿನ ಮಗಳು ಚೈತ್ರ ಪುಸ್ತಕ ಹಿಡಿದು ಬಂದು, “ಅಪ್ಪಾ, ಈ ಅನುಪಾತ, ಸಮಾನುಪಾತ ತಲೆಗೇ ಹೋಗ್ತಿಲ್ಲ” ಎಂದಾಗ ನಾನು ಟವೆಲ್ ಹೆಗಲಿಗೇರಿಸಿ ಗಂಭೀರವಾಗಿ ಕೂತೆ.

“ಆಕಾರ ಅದೇ, ಅಳತೆ ಬೇರೆ. ಅದೇ ಸಮರೂಪ. ಒಂದು ಬದಿ ಎಷ್ಟು ಪಟ್ಟು ಬೆಳೀತದೋ ಉಳಿದವೂ ಅಷ್ಟೇ ಪಟ್ಟು ಬೆಳೀತವೆ. ಇಷ್ಟೇ ಮಾರಾಯ್ತಿ.”

ಅಡುಗೆಮನೆಯಿಂದ ಹೆಂಡತಿ ಸುಮಿತ್ರ ಕೂಗಿದಳು. “ಹಂಗಾದ್ರೆ ನಮ್ಮ ಬಚ್ಚಲ ಹಂಡೆನೂ ಬೆಳೆಸಿಕೊಡಿ. ಹೋದ ದೀಪಾವಳಿಗೆ ತೌರಿನವರೆಲ್ಲ ಮಿಂದು ನನ್ನ ಪಾಳಿ ಬರೋ ಹೊತ್ತಿಗೆ ತಣ್ಣೀರು. ಈ ಸಲ ಎರಡರಷ್ಟು ನೀರು ಹಿಡಿಯೋದು ತನ್ನಿ. ನನಗೆ ಬಿಸಿನೀರು ಸಿಗಲಿಲ್ಲ ಅಂದ್ರೆ ಮುಂದಿನ ಹಬ್ಬಕ್ಕೆ ನಾನೇ ತೌರಿಗೆ ಹೋಗ್ತೀನಿ.”

ಕೊಪ್ಪದ ಪಾತ್ರೆ ಅಂಗಡಿಗೆ ಹಳೆ ಹಂಡೆ ಕೊಟ್ಟು, “ಇದರ ಸಮರೂಪಿ ಬೇಕು. ಅಗಲ ಎರಡರಷ್ಟು, ಎತ್ತರವೂ ಎರಡರಷ್ಟು” ಎಂದು ಶಾಸ್ತ್ರೋಕ್ತವಾಗಿ ಆರ್ಡರ್ ಮಾಡಿದೆ. ಅಂಗಡಿಯವರು, “ಮನೇಲಿ ಮದುವೆಯಾ?” ಎಂದರು. ಸಮಾನುಪಾತ ಗೊತ್ತಿಲ್ಲದವರ ಹತ್ತಿರ ಏನು ಮಾತು ಎಂದು ಮುಂಗಡ ಕೊಟ್ಟು ಬಂದೆ.

ನೀರು ತುಂಬುವ ಹಬ್ಬದ ದಿನ ಹಂಡೆ ಪಿಕಪ್ಪಿನಲ್ಲಿ ನಮ್ಮೂರು ಕಮ್ಮರಡಿಗೆ ಆಗಮಿಸಿತು. ಬಚ್ಚಲಿನ ಬಾಗಿಲಲ್ಲಿ ನೇರವಾಗಿ ಹೋಗಲಿಲ್ಲ, ಓರೆಯಾಗಿಯೂ ಹೋಗಲಿಲ್ಲ. ನೂಕಿದೆವು. ಬಾಗಿಲ ಚೌಕಟ್ಟು ಅಲ್ಲಾಡಿತು, ಹಂಡೆ ಅಲ್ಲಾಡಲಿಲ್ಲ. ಕಡೆಗೆ ಅಂಗಳದಲ್ಲೇ ಮೂರು ಕಲ್ಲಿನ ಮೇಲೆ ಅದರ ಪ್ರತಿಷ್ಠಾಪನೆಯಾಯಿತು.

ಸುಮಿತ್ರ ಅದಕ್ಕೊಂದು ಪ್ರದಕ್ಷಿಣೆ ಹಾಕಿ, “ಎಂಥದ್ರೀ ಇದು, ಹಂಡೆಯಾ, ಬಾವಿಯಾ?” ಎಂದಳು.

ಹಂಡೆಯ ಕೊರಳಿಗೆ ಕಟ್ಟುವ ಹಿಂಡಲಕಾಯಿ ಬಳ್ಳಿ ಹೋದ ವರ್ಷದ ಸರಿಯಾಗಿ ಎರಡರಷ್ಟು ಬೇಕಾಯಿತು. ನನ್ನ ಲೆಕ್ಕ ಸರಿಹೋಗಿದ್ದು ಅಲ್ಲೊಂದೇ ಕಡೆ.

ನೀರು ಬಿಟ್ಟೆವು. ಹಂಡೆ ಅರ್ಧವಾಗುವ ಮೊದಲೇ ಮನೆಯ ಟ್ಯಾಂಕ್ ಬರಿದಾಯಿತು. “ಇಷ್ಟು ಸಾಕು” ಎಂದೆ. ಹಬ್ಬಕ್ಕೆ ಬಂದಿದ್ದ ಅತ್ತೆ, “ಎಲ್ಲಾದರೂ ಉಂಟಾ? ಹಬ್ಬದ ಹಂಡೆ ಕಂಠಮಟ್ಟ ತುಂಬಬೇಕು” ಎಂದರು. ಉಳಿದದ್ದನ್ನು ಬಾವಿಯಿಂದ ನಾನೇ ಸೇದಿ ತುಂಬಿದೆ. ಸೊಂಟ ಬಿದ್ದುಹೋಯಿತು.

ಬೆಳಗ್ಗೆ ಎಲ್ಲರೂ ತಲೆಗೆ ಎಣ್ಣೆ ಹಚ್ಚಿಕೊಂಡು ಸಾಲಾಗಿ ಕೂತರು. ಸೌದೆ ರಾಶಿ ಕರಗಿತು, ನೀರು ಮಾತ್ರ ಬಿಸಿಯಾಗಲಿಲ್ಲ. ಎಣ್ಣೆ ಹಣೆಯಿಂದ ಕಣ್ಣಿಗಿಳಿಯಿತು. ಭಾವ ಆಗಾಗ ಬಂದು ಬೆರಳದ್ದಿ ನೋಡಿ, ನನ್ನನ್ನೂ ಒಮ್ಮೆ ನೋಡಿ ಹೋಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ತೌರಿನವರೆಲ್ಲ ಟವೆಲ್ ಹೊದ್ದು ಪಕ್ಕದ ಮನೆಯ ಬಚ್ಚಲಿಗೆ ಮೆರವಣಿಗೆ ಹೊರಟರು. ಮಾನ ಹೋಯಿತು!

ಸುಮಿತ್ರ ಹೋಗಲಿಲ್ಲ. “ನಾನು ಮೀಯೋದು ಈ ಹಂಡೆ ನೀರಲ್ಲೇ” ಎಂದು ಒಲೆಯ ಮುಂದೆ ಕೂತಳು.

ಚೈತ್ರ ಹಂಡೆಯನ್ನೇ ನೋಡುತ್ತಿದ್ದವಳು ಬೆರಳು ಮಡಚತೊಡಗಿದಳು. “ಅಪ್ಪಾ, ಉದ್ದಕ್ಕೆ ಎರಡರಷ್ಟು, ಅಡ್ಡಕ್ಕೆ ಎರಡರಷ್ಟು, ಮೇಲಕ್ಕೂ ಎರಡರಷ್ಟು. ಎರಡೆರಡ್ಲ ನಾಕು, ನಾಕೆರಡ್ಲ ಎಂಟು. ಅಮ್ಮ ಕೇಳಿದ್ದು ಎರಡು ಹಂಡೆ ನೀರು. ನೀನು ತಂದಿದ್ದು ಎಂಟು.”

ಬೈಗಿನ ಹೊತ್ತಿಗೆ ಹಂಡೆಯಿಂದ ಹಬೆ ಎದ್ದಿತು. “ಅಂತೂ ನಿನಗೆ ಬಿಸಿನೀರು ಸಿಕ್ತಲ್ಲ” ಎಂದೆ, ಮೆಲ್ಲಗೆ.

“ಸಿಕ್ತು. ಊರಿಗಾಗೋವಷ್ಟು ನನಗೊಬ್ಬಳಿಗೇ. ತೋಡಿ ಬಚ್ಚಲಿಗೆ ಹೊತ್ತು ಹಾಕಿ. ಆಮೇಲೆ ಮಗಳ ಹತ್ರ ಕೂತು ಪಾಠ ಕಲೀರಿ.”

ಕೊಡಗಟ್ಟಲೆ ನೀರು ಹೊತ್ತು ಹಾಕಿ, ಎಣ್ಣೆ ತಲೆಯಲ್ಲೇ ಮಗಳೆದುರು ಕೂತೆ. “ಅನುಪಾತದಿಂದ ಶುರು ಮಾಡಾಣನಾ?” ಎಂದೆ.

ಚೈತ್ರ ಅಂಗಳದ ಕಡೆ ನೋಡಿ, ಪುಸ್ತಕ ಮುಚ್ಚಿಟ್ಟಳು.

“ಬೇಡ ಅಪ್ಪಾ. ಎರಡರ ಮಗ್ಗಿಯಿಂದ ಶುರು ಮಾಡಾಣ.”