ಪಾಸ್‌ವರ್ಡ್ ಕೇಳದ ಕಂಪ್ಯೂಟರ್

ನಾನು ಸಂಶಯದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ನೀವು ನನ್ನ ಹೆಂಡತಿಯ ಬಾಯಿಂದ ಕೇಳುತ್ತೀರಿ, ಅವಳು ಉಪ್ಪು ಖಾರ ಸೇರಿಸಿ ಹೇಳುತ್ತಾಳೆ. ಹಾಲಿನ ಡಬ್ಬಿಯ ಮೇಲಿನ ತಾರೀಖನ್ನು ನಂಬದೆ ಮೂಸಿ ನೋಡುವವನು, ಲಿಫ್ಟಿನಲ್ಲಿ ಅಂಟಿಸಿದ ತಪಾಸಣೆಯ ಚೀಟಿ ಓದಿದ ಮೇಲೆಯೇ ಬಟನ್ ಒತ್ತುವವನು, ಊರಿನಿಂದ ಯಾರಾದರೂ ಫೋನ್ ಮಾಡಿ 'ಸುಮ್ಮನೆ ಮಾಡಿದ್ದು ಮಾರಾಯ' ಎಂದರೆ ದಿನವಿಡೀ ಅದರ ಕಾರಣ ಹುಡುಕುವವನು ನಾನು. ಹಾವು ಕಚ್ಚಿದವನು ಹಗ್ಗ ಕಂಡರೂ ಹೆದರುತ್ತಾನೆ ಎನ್ನುತ್ತಾರೆ. ನನಗೆ ಈವರೆಗೆ ಹಾವು ಕಚ್ಚಿಯೇ ಇಲ್ಲ, ಬರಿಯ ಹಗ್ಗಕ್ಕೆ ಹೆದರಿಯೇ ಅರ್ಧ ಆಯುಷ್ಯ ಕಳೆದಿದೆ.

ಆದರೆ ನಮ್ಮ ಆಫೀಸಿನಲ್ಲಿ ಸಂಶಯ ನನ್ನೊಬ್ಬನ ಸೊತ್ತಲ್ಲ. ಗಲ್ಫಿನ ಮುಸಫ್ಫಾ ಎಂಬ ಕಾರ್ಖಾನೆಗಳ ಪ್ರದೇಶದಲ್ಲಿ ಕಬ್ಬಿಣದ ಪೈಪು, ಟ್ಯಾಂಕು ಮಾಡುವ ಕಂಪನಿ ನಮ್ಮದು. ಹೊರಗೆ ವೆಲ್ಡಿಂಗ್, ಒಳಗೆ ಏಸಿ. ಆ ಏಸಿಯಲ್ಲಿ ಕೂತು ಟೆಂಡರಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಒಬ್ಬನನ್ನು ಕೆಲಸದಿಂದ ತೆಗೆಯುವುದಕ್ಕೆ ಒಂದು ಕ್ರಮವಿದೆ. ಮ್ಯಾನೇಜರ್ ಬೈಯುವುದಿಲ್ಲ, ಕಣ್ಣು ಕೆಂಪಗೆ ಮಾಡುವುದಿಲ್ಲ. ಬೆಳಿಗ್ಗೆ ಬಂದು ಕಂಪ್ಯೂಟರ್ ತೆರೆದರೆ ಪಾಸ್‌ವರ್ಡ್ ಹಿಡಿಸುವುದಿಲ್ಲ, ಅಷ್ಟೇ. ಮೊದಲು ಕಂಪ್ಯೂಟರಿಗೆ ಗೊತ್ತಾಗುತ್ತದೆ, ಆಮೇಲೆ ಎಚ್‌ಆರ್‌ಗೆ, ಕೊನೆಗೆ ಕೆಲಸ ಕಳೆದುಕೊಂಡವನಿಗೆ. ಎಸ್ಟಿಮೇಶನ್ ವಿಭಾಗದ ಸದಾನಂದರು ಹೀಗೆಯೇ ಒಂದು ಬೆಳಿಗ್ಗೆ ಕೀಬೋರ್ಡನ್ನು ತಲೆಕೆಳಗು ಮಾಡಿ ಕುಟ್ಟಿ, ಬಿಸ್ಕತ್ತಿನ ಪುಡಿ ಉದುರಿಸಿ, ಮತ್ತೆ ಮತ್ತೆ ಪಾಸ್‌ವರ್ಡ್ ಹೊಡೆದರು. ಐಟಿಗೆ ಫೋನ್ ಮಾಡಿದಾಗ ಅತ್ತಲಿನವರು ಮೆತ್ತಗೆ "ಎಚ್‌ಆರ್‌ನಲ್ಲಿ ಕೇಳಿ" ಎಂದು ಇಟ್ಟುಬಿಟ್ಟರು. ಹೋದ ಸದಾನಂದರು ತಮ್ಮ ಕುರ್ಚಿಗೆ ಮರಳಲಿಲ್ಲ. ಅವರ ಡ್ರಾಯರಿನಲ್ಲಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿ ಅನಾಥವಾಯಿತು. ಅದನ್ನು ತಿಂದು ಮುಗಿಸಿದವರಲ್ಲಿ ನಾನೂ ಒಬ್ಬ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಕಂಪನಿಯ ಬಸ್ಸಿನಿಂದ ಇಳಿದವರು ಯಾರೂ ನೇರ ಚಹಾಕ್ಕೆ ಹೋಗುವುದಿಲ್ಲ. ಮೊದಲು ಕಂಪ್ಯೂಟರ್, ಪಾಸ್‌ವರ್ಡ್, ಅದು ತೆರೆದರೆ ಒಂದು ನಿಟ್ಟುಸಿರು, ಆಮೇಲೆ ಚಹಾ.

ಆ ದಿನ ನಾನೂ ಹಾಗೆಯೇ ಕೂತೆ. ಕಂಪ್ಯೂಟರ್ 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಎಂದು ಇಂಗ್ಲಿಷಿನಲ್ಲಿ ವಿನಯದಿಂದ ಹೇಳಿತು. ನಾನೂ ವಿನಯದಿಂದ ಕಾದೆ. ಚುಕ್ಕಿಗಳು ಒಂದರ ಹಿಂದೊಂದು ದುಂಡಗೆ ತಿರುಗಿದವು. ಪರದೆ ಕಪ್ಪಾಯಿತು, ಕಂಪನಿಯ ಲಾಂಛನ ಬಂತು, ಇನ್ನೇನು ಪಾಸ್‌ವರ್ಡ್ ಕೇಳುತ್ತದೆ ಎಂದು ಬೆರಳು ಸಿದ್ಧ ಮಾಡಿಕೊಂಡೆ. ಮತ್ತೆ ಕಪ್ಪು, ಮತ್ತೆ ಚುಕ್ಕಿ, ಮತ್ತೆ ಲಾಂಛನ. ಹೀಗೆ ತನ್ನಷ್ಟಕ್ಕೆ ಸಾಯುವುದು, ತನ್ನಷ್ಟಕ್ಕೆ ಹುಟ್ಟುವುದು ನಡೆದೇ ಇತ್ತು. ಪಕ್ಕದ ಮೇಜಿನ ಫಿಲಿಪಿನೋ ಹೆಂಗಸು ಮಾರಿಸೆಲ್ ಆಗಲೇ ಕಂಪ್ಯೂಟರ್ ತೆರೆದು ಕಾಫಿ ಹೀರುತ್ತಿದ್ದಳು. ಸುತ್ತ ಕಣ್ಣು ಹಾಯಿಸಿದೆ. ಎಲ್ಲರದೂ ತೆರೆದಿತ್ತು. ನನ್ನದು ಮಾತ್ರ ಇಲ್ಲ.

ಬುದ್ಧಿಯಿರುವವನು ಐಟಿಗೆ ಫೋನ್ ಮಾಡುತ್ತಿದ್ದ. ನನಗೂ ಬುದ್ಧಿಯಿದೆ, ಆದ್ದರಿಂದಲೇ ಮಾಡಲಿಲ್ಲ. ಅವರು "ಎಚ್‌ಆರ್‌ನಲ್ಲಿ ಕೇಳಿ" ಎಂದುಬಿಟ್ಟರೆ? ಕೇಳುವವರೆಗೆ ನಾನು ನೌಕರಿಯಲ್ಲಿರುವವನು. ಕೇಳಿದ ಮೇಲೆ ದೇವರೇ ಬಲ್ಲ. ಸದಾನಂದರ ಪ್ರಕರಣದಲ್ಲಿ ಬಹಳ ಗಲಾಟೆಯಾದ್ದರಿಂದ ಕಂಪನಿ ಹೊಸ ಉಪಾಯ ಕಂಡುಕೊಂಡಿರಬಹುದು, ಪಾಸ್‌ವರ್ಡಿನ ತನಕ ಬಿಟ್ಟುಕೊಂಡರೆ ತಾನೇ ತಕರಾರು? ಹೀಗೆಂದುಕೊಂಡು, ಯಾರಿಗೂ ಗೊತ್ತಾಗದಿರಲೆಂದು, ನಾನು ಕಪ್ಪು ಪರದೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಟೈಪ್ ಮಾಡತೊಡಗಿದೆ. ಪೈಪ್ ಸರಬರಾಜು ತಡವಾದದ್ದರ ಬಗ್ಗೆ ಒಂದು ಖಾರವಾದ ಪತ್ರವನ್ನೇ ಬರೆದೆ. ಯಾರಿಗೂ ಕಾಣದ, ಎಲ್ಲಿಯೂ ಉಳಿಯದ ಆ ಪತ್ರದಷ್ಟು ಒಳ್ಳೆಯ ಇಂಗ್ಲಿಷ್ ನಾನು ಈಚೆಗೆ ಬರೆದಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಜೋರ್ಡಾನ್ ಕಡೆಯ ದಪ್ಪ ಮೀಸೆಯ ಮನುಷ್ಯ, ಎಲ್ಲರೂ ಅಬು ಸಮೀರ್ ಎಂದು ಕರೆಯುತ್ತಾರೆ. ನಾವು ಹೇಳಿದ ಗುಡ್ ಮಾರ್ನಿಂಗಿಗೆ ಗಂಟಲಿನಲ್ಲೇ ಏನೋ ಉತ್ತರಿಸಿ ಹೋಗುವ ಅವರು ಆ ದಿನ ನನ್ನ ಮೇಜಿನ ಬಳಿ ನಿಂತು, "ಸುರೇಶ್, ಹಬೀಬಿ, ಹೌ ಈಸ್ ಫ್ಯಾಮಿಲಿ?" ಎಂದರು. ಇಷ್ಟು ದಿನ ಇಲ್ಲದ ಫ್ಯಾಮಿಲಿ ಈಗ ಯಾಕೆ ಬಂತು? ಕಡಿಯುವ ಕುರಿಗೆ ಸೊಪ್ಪು ಹಾಕುವವರು ತಲೆ ಸವರಿಯೇ ಹಾಕುತ್ತಾರೆ.

ಇಲ್ಲಿ ನಗೆಯನ್ನು ಬದಿಗಿಟ್ಟು ಒಂದು ಮಾತು ಹೇಳಬೇಕು. ನನ್ನ ಮಗಳು ಪ್ರಣೀತಾ ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಬೋರ್ಡ್ ಪರೀಕ್ಷೆ ಹತ್ತಿರ ಬಂದಿದೆ. ನನ್ನ ವೀಸಾದ ಕೊಕ್ಕೆಯಲ್ಲಿ ಅವಳ ವೀಸಾ, ಅವಳ ತಾಯಿಯ ವೀಸಾ, ಖಾಲಿದಿಯಾದ ನಮ್ಮ ಎರಡು ಕೋಣೆಯ ಮನೆ ಎಲ್ಲ ನೇತಾಡುತ್ತಿವೆ. ನನ್ನ ಕೆಲಸ ಹೋದರೆ ಪರೀಕ್ಷೆಯ ಹೊತ್ತಿಗೆ ಆ ಹುಡುಗಿ ಎಲ್ಲಿರುತ್ತಾಳೆ? ಅವಳು ಹುಟ್ಟಿದ್ದೇ ಇಲ್ಲಿ. ಉಡುಪಿ ಅವಳಿಗೆ ರಜೆಯಲ್ಲಿ ಸೊಳ್ಳೆ ಕಚ್ಚುವ ಜಾಗ ಮಾತ್ರ. ಇದನ್ನೆಲ್ಲ ನೆನೆದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೆದರಿಕೆಯಲ್ಲಿ ಮನುಷ್ಯ ಸುಮ್ಮನಿದ್ದರೆ ಎಷ್ಟೋ ಒಳ್ಳೆಯದು. ನಾನು ಎದ್ದು ಎಚ್‌ಆರ್‌ನ ಫ್ಲೇವಿಯಾಳ ಬಳಿ ಹೋದೆ. ಮಂಗಳೂರಿನ ಕೊಂಕಣಿ ಹೆಂಗಸು, ನನ್ನನ್ನು ಸುರೇಶಣ್ಣ ಎನ್ನುತ್ತಾಳೆ, ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿ ಕೊಡುತ್ತಾಳೆ. ಗುಟ್ಟು ಮಾತ್ರ ಕೊಡುವುದಿಲ್ಲ. ನೇರವಾಗಿ ಕೇಳಬಾರದು, ಸುತ್ತು ಬಳಸಿ ತಿಳಿಯಬೇಕು ಎಂದು ನಿಶ್ಚಯಿಸಿ ಅವಳ ಮುಂದೆ ಕೂತೆ.

"ಫ್ಲೇವಿಯಾ, ಒಬ್ಬರ ವೀಸಾ ಕ್ಯಾನ್ಸಲ್ ಆದ್ರೆ ಹೆಂಡತಿ ಮಕ್ಕಳು ಮತ್ತೆ ಎಷ್ಟು ದಿನ ಇಲ್ಲಿ ಇರ್ಬಹುದು?"

"ಯಾರಿಗೆ ಸುರೇಶಣ್ಣ?"

"ನನಗಲ್ಲ. ದುಬೈಯಲ್ಲಿ ನನ್ನ ಒಬ್ಬ ದೋಸ್ತಿಗೆ."

"ಎಂಥ ಹೆಸರು ಅವರದ್ದು?"

ಹೆಸರು ಕೇಳುತ್ತಾಳೆಂದು ನಾನು ಎಣಿಸಿರಲಿಲ್ಲ. "ಸುರೇಶ್" ಎಂದೆ. ಆ ಹೊತ್ತಿಗೆ ಬೇರೆ ಹೆಸರೇ ಬಾಯಿಗೆ ಬರಲಿಲ್ಲ. ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. "ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿದೆಯಾ?" ಎಂದು ಬಹಳ ಮೆತ್ತಗೆ ಕೇಳಿದಳು. "ಸಿಗ್ಬಹುದು, ಯಾರಿಗೆ ಗೊತ್ತು" ಎಂದು ನಾನು ಎದ್ದು ಬಂದೆ. ಅವಳ ಆ ಮೆತ್ತನೆಯ ದನಿಯಲ್ಲೇ ನನಗೆ ಎಲ್ಲ ಅರ್ಥವಾಯಿತೆಂದು ಭಾವಿಸಿದೆ. ಅವಳಿಗೂ ಎಲ್ಲ ಅರ್ಥವಾಗಿತ್ತೆಂದು ತಿಳಿದದ್ದು ಆಮೇಲೆ.

ಮೇಜಿಗೆ ಬಂದರೆ ಕಂಪ್ಯೂಟರ್ ಇನ್ನೂ ಹುಟ್ಟುತ್ತ ಸಾಯುತ್ತ ಇತ್ತು. ಸದಾನಂದರಂತೆ ಬರಿಗೈಯಲ್ಲಿ ಹೋಗಬಾರದು ಎಂದು ಡ್ರಾಯರ್ ಎಳೆದು ಕುಟುಂಬದ ಫೋಟೋ, ಆಫೀಸಿನಲ್ಲಿ ಹಾಕುವ ಚಪ್ಪಲಿ, ಮಾನಿಟರಿನ ಮೂಲೆಯಲ್ಲಿ ಅಂಟಿಸಿದ್ದ ಕೃಷ್ಣನ ಚಿತ್ರ, ಚಟ್ನಿಪುಡಿಯ ಡಬ್ಬಿ ಎಲ್ಲವನ್ನೂ ಸೂಪರ್ ಮಾರ್ಕೆಟಿನ ಚೀಲಕ್ಕೆ ತುಂಬಿದೆ. ಮಾರಿಸೆಲ್ ಕಾಫಿ ಹೀರುವುದನ್ನು ನಿಲ್ಲಿಸಿ ನೋಡಿದಳು. ನಾನು ನಕ್ಕೆ. ಆ ನಗೆ ಅವಳಿಗೆ ಇನ್ನಷ್ಟು ಅನುಮಾನ ಹುಟ್ಟಿಸಿರಬೇಕು, ಎದ್ದು ಫ್ಲೇವಿಯಾಳ ಕೋಣೆಯತ್ತ ಹೋದಳು.

ಮನೆಗೆ ಫೋನ್ ಮಾಡಿ ವಿಷಯ ತಿಳಿಸಿದೆ. ನನ್ನ ಹೆಂಡತಿ ಸುಮನಾ ಪೂರ್ತಿ ಕೇಳಿ, "ನಿಮ್ಮದೊಂದು ಎಂಥದು ಮಾರಾಯ್ರೆ, ಹೋದ ವರ್ಷ ವಾಷಿಂಗ್ ಮಷೀನ್ ನಿಂತಾಗಲೂ ಬಿಲ್ಡಿಂಗ್‌ನವರು ನಮ್ಮನ್ನು ಓಡಿಸ್ಲಿಕ್ಕೆ ನೋಡ್ತಾ ಇದ್ದಾರೆ ಅಂದಿದ್ರಿ" ಎಂದಳು. ಹಿಂದಿನಿಂದ ಮಗಳ ದನಿ ಕೇಳಿಸಿತು: "ಪಪ್ಪಾ, ಇಟ್ಸ್ ಜಸ್ಟ್ ಎ ಬೂಟ್ ಲೂಪ್. ರಿಲ್ಯಾಕ್ಸ್!" ಪರೀಕ್ಷೆಗೆ ಓದುವ ರಜೆಯಲ್ಲಿರುವ ಹುಡುಗಿ, ತನ್ನ ಭವಿಷ್ಯ ಮುಸಫ್ಫಾದಲ್ಲಿ ದುಂಡಗೆ ತಿರುಗುತ್ತಿದೆಯೆಂದು ಅವಳಿಗೆ ಹೇಗೆ ತಿಳಿಯಬೇಕು?

ಊಟದ ಹೊತ್ತಿಗೆ ಐಟಿಯ ಲ್ಯಾನ್ಸಿ ತಾನಾಗಿಯೇ ಬಂದ. ಕಾರ್ಕಳದ ಕಡೆಯವನು, ನನ್ನದೇ ವಯಸ್ಸು. "ಎಂಥ ಮಾರಾಯ್ರೆ, ಬೆಳಿಗ್ಗೆಯಿಂದ ನಿಮ್ಮ ಸಿಸ್ಟಮ್ ನೆಟ್‌ವರ್ಕಲ್ಲೇ ಇಲ್ಲ, ಒಂದು ಫೋನ್ ಮಾಡ್ಲಿಕ್ಕೆ ಆಗುದಿಲ್ವಾ?" ಎಂದ. ಪವರ್ ಬಟನನ್ನು ಒತ್ತಿ ಹಿಡಿದು ಆಫ್ ಮಾಡಿದ, ಮತ್ತೆ ಆನ್ ಮಾಡಿದ, ಚುಕ್ಕಿ ತಿರುಗುತ್ತಿರುವಾಗಲೇ ಮತ್ತೆ ಆಫ್ ಮಾಡಿದ. ಹೀಗೆ ಕೆಲವು ಸಲ ಕಾಡಿಸಿದ ಮೇಲೆ ಒಂದು ನೀಲಿ ಪರದೆ ಬಂತು. ಅಲ್ಲಿ ಏನೇನೋ ಒತ್ತಿ, ಹೊಸ ಅಪ್‌ಡೇಟನ್ನು ಕಿತ್ತುಹಾಕಲು ಹೇಳಿದ. "ಕೆಲವು ಸಲ ಆಗ್ತದೆ, ಕೆಲವು ಸಲ ಇಲ್ಲ, ನಮ್ಮ ಪುಣ್ಯ" ಎಂದು ತಾನೂ ಕೈಕಟ್ಟಿ ಕಾದ. ಈ ಅಪ್‌ಡೇಟ್ ಹೊರಗಿನ ವೆಲ್ಡಿಂಗ್ ಯಾರ್ಡಿನಲ್ಲಿಯೂ ಕೆಲವು ಮಷೀನುಗಳ ತಲೆ ಕೆಡಿಸಿದೆಯಂತೆ. ಕಂಪ್ಯೂಟರ್ ಒಂದು ಸಲ ಕಪ್ಪಾಗಿ ಮತ್ತೆ ಹುಟ್ಟಿ, ಈ ಬಾರಿ ಸಾಯದೆ, ಪಾಸ್‌ವರ್ಡ್ ಕೇಳಿತು. ನನಗೆ ಲ್ಯಾನ್ಸಿಯ ಕೈ ಹಿಡಿದು ಮುದ್ದಿಸಬೇಕೆನಿಸಿತು. ಬರಿಯ ಅಪ್‌ಡೇಟ್! ಪಾಪದ ಕಂಪನಿಯ ಮೇಲೆ ನಾನು ಎಷ್ಟೆಲ್ಲ ಸಂಶಯಪಟ್ಟೆ ಎಂದು ನಾಚಿಕೆಪಟ್ಟುಕೊಳ್ಳುತ್ತ ಪಾಸ್‌ವರ್ಡ್ ಹೊಡೆದೆ.

ಹಿಡಿಸಲಿಲ್ಲ. 'ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ' ಎಂದು ಬಂತು. ಲ್ಯಾನ್ಸಿ ಪರದೆ ನೋಡಿದ, ನನ್ನ ಚೀಲ ನೋಡಿದ, ಅವನ ಮುಖ ಬಾಡಿತು. ಕಿಸೆಯಿಂದ ಮೊಬೈಲ್ ತೆಗೆದು ಏನನ್ನೋ ಓದಿ, ನನ್ನ ಕಣ್ಣು ತಪ್ಪಿಸಿ, "ಎಚ್‌ಆರ್‌ನಲ್ಲಿ ಕೇಳಿ" ಎಂದ.

ಚೀಲ ಹಿಡಿದುಕೊಂಡೇ ಹೋದೆ, ಇನ್ನು ಅಡಗಿಸಿ ಏನು ಪ್ರಯೋಜನ? ಫ್ಲೇವಿಯಾಳ ಕೋಣೆಯಲ್ಲಿ ಅಬು ಸಮೀರ್ ಮೊದಲೇ ಕೂತಿದ್ದರು. ಅವರ ಮುಖದಲ್ಲಿ ಸಿಟ್ಟಿಗಿಂತ ನೋವಿತ್ತು.

"ಯಾವ ಕಂಪನಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಯಾವ ಕಂಪನಿ ಸರ್?"

"ನಿನ್ನನ್ನು ಕರೆದವರು. ಬೆಳಿಗ್ಗೆ ವೀಸಾ ವಿಚಾರಿಸಿದ್ದೀ. ಡ್ರಾಯರ್ ಖಾಲಿ ಮಾಡಿದ್ದೀ. ಬೆಳಿಗ್ಗೆಯಿಂದ ಏನೋ ಟೈಪ್ ಮಾಡುತ್ತಲೇ ಇದ್ದೆಯಂತೆ, ನೆಟ್‌ವರ್ಕಿನಲ್ಲಿ ಏನೂ ಇಲ್ಲ. ಟೆಂಡರಿನ ರೇಟುಗಳನ್ನು ಎಲ್ಲಿಗೆ ಕಳಿಸಿದೆ?"

ನಮ್ಮಲ್ಲಿ ಬಿಟ್ಟು ಹೋಗುವವನ ಖಾತೆಯನ್ನೂ ಮೊದಲು ಮುಚ್ಚುತ್ತಾರೆ ಎನ್ನುವುದು ನನಗೆ ಆಗ ಹೊಳೆಯಿತು. ನಾನು ನಿಜ ಹೇಳಿದೆ. ಕಂಪ್ಯೂಟರ್ ತಿರುಗಿ ತಿರುಗಿ ಶುರುವಾದದ್ದು, ನನ್ನನ್ನು ತೆಗೆದಿದ್ದಾರೆಂದು ಹೆದರಿದ್ದು, ಕಪ್ಪು ಪರದೆಗೆ ಪತ್ರ ಬರೆದದ್ದು, ಮಗಳ ಪರೀಕ್ಷೆ, ಎಲ್ಲವನ್ನೂ. ಹೇಳುತ್ತ ಹೋದಂತೆ ನನಗೇ ಅದು ಸುಳ್ಳೆನಿಸತೊಡಗಿತು. ಫ್ಲೇವಿಯಾ ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅಬು ಸಮೀರ್ ನಗಲಿಲ್ಲ. "ಇಷ್ಟು ವರ್ಷ ಕೆಲಸ ಮಾಡಿದವನು ಒಂದು ಅಪ್‌ಡೇಟಿಗೆ ಚಪ್ಪಲಿ ಕಟ್ಟುತ್ತಾನೆಂದು ನಾನು ನಂಬಬೇಕೇ?" ಎಂದು ಚೀಲದೊಳಗೆ ಇಣುಕಿ, ಚಟ್ನಿಪುಡಿಯ ಡಬ್ಬಿಯನ್ನು ತೆಗೆದು ಮೂಸಿ ನೋಡಿದರು.

ಕೊನೆಗೆ ಕೈ ಚಾಚಿದರು. "ಯಲ್ಲಾ, ಕೈ ಕೊಡು. ಮಗಳ ಪರೀಕ್ಷೆ ಮುಗಿಯುವವರೆಗೆ, ಮುಗಿದ ಮೇಲೂ, ನೀನು ಎಲ್ಲಿಗೂ ಹೋಗುವುದಿಲ್ಲ. ಆ ಕಂಪನಿಯವರು ಏನು ಕೊಡುತ್ತೇವೆಂದರೂ ಹೋಗಬಾರದು. ಖಲಾಸ್?" ಎಂದರು. ನಾನು ಎರಡೂ ಕೈ ಸೇರಿಸಿ ಅವರ ಕೈ ಹಿಡಿದೆ. ನನ್ನ ಕಣ್ಣಿನಲ್ಲಿ ನೀರು ಬಂತು. ಬೇರೆ ಕಂಪನಿಯವರು ಕೊಟ್ಟ ದೊಡ್ಡ ಅವಕಾಶವನ್ನು ಕೈಬಿಟ್ಟ ದುಃಖವೆಂದು ಅವರು ತಿಳಿದಿರಬೇಕು, ಬೆನ್ನು ತಟ್ಟಿದರು. ಒಳಗಿನಿಂದ ಖಹ್ವಾ, ಅಂದರೆ ಅರಬಿ ಕಾಫಿ, ತರಿಸಿ ಕುಡಿಸಿದರು. ಲ್ಯಾನ್ಸಿ ಖಾತೆ ತೆರೆದುಕೊಟ್ಟ. ಪಾಸ್‌ವರ್ಡ್ ಹಿಡಿಸಿತು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಮಗಳು ನಿಶ್ಚಿಂತೆಯಿಂದ ಪರೀಕ್ಷೆ ಬರೆಯುತ್ತಾಳೆ ಎಂದು ಮನಸ್ಸು ಹಗುರಾಗಿತ್ತು. ಸೇತುವೆ ದಾಟಿ ಊರೊಳಗೆ ಬರುವವರೆಗೂ ಹಾಗೆಯೇ ಇತ್ತು. ಆಮೇಲೆ ಒಂದು ಯೋಚನೆ ಬಂತು. ಟೆಂಡರಿನ ಕಾಗದ ನೋಡುವವರು ಈ ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ನನ್ನ ಕೆಲಸದ ಯೋಗ್ಯತೆ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅಂಥ ನನ್ನನ್ನು ಕಳೆದುಕೊಳ್ಳಲಾರೆವೆಂದು ಮ್ಯಾನೇಜರು ಖುದ್ದಾಗಿ ಕೈ ಹಿಡಿದು ಬೇಡಿಕೊಳ್ಳುತ್ತಾರೆಂದರೆ, ನಮ್ಮ ಕಂಪನಿಯ ಪರಿಸ್ಥಿತಿ ಎಷ್ಟು ಹದಗೆಟ್ಟಿರಬೇಕು?